‘ಐ ಆಮ್ ಸಾರಿ’: ಯಾರು, ಎಲ್ಲಿ ನಿಂತು ಹೇಳಿದರು?

ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ. ಫೋನಿನಲ್ಲಿ ಮಾತು ಕೇಳಿಸದಿದ್ದರೆ ದನಿ ಏರಿಸಿ ‘ಸಾರಿ?’. ಸಾವಿನ ಮನೆಯಲ್ಲೂ ಇಂಗ್ಲಿಷ್ ಮಾತಾಡುವವರ ಬಾಯಿಗೆ ಬರುವುದು ‘ಐ ಆಮ್ ಸಾರಿ’ಯೇ. ಅಲ್ಲಿ ಹೇಳಿದವರ ತಪ್ಪೇನೂ ಇಲ್ಲ, ಅದು ಬರೀ ಸಂತಾಪ.

ಸಂತಾಪಕ್ಕೂ ತಪ್ಪೊಪ್ಪಿಗೆಗೂ ಒಂದೇ ಮಾತಾದಾಗ ಕೋರ್ಟಿನಲ್ಲಿ ಪೇಚಾಟ. ಡಿಕ್ಕಿ ಹೊಡೆದ ಚಾಲಕ, ಆಪರೇಷನ್ ಕೈಕೊಟ್ಟ ಮೇಲೆ ವೈದ್ಯ ಈ ಮಾತಾಡಿದರೆ ಅದೇ ಸಾಕ್ಷಿಯಾದೀತೆಂಬ ಭಯ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲಿ, ಅಪಘಾತದ ನಂತರದ ಸಂತಾಪದ ಮಾತನ್ನು ಹೊಣೆಗಾರಿಕೆಗೆ ಪುರಾವೆ ಮಾಡುವಂತಿಲ್ಲ ಎಂದು ಕಾನೂನು ತಂದಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ, ಒಂಟಾರಿಯೊ 2009ರಲ್ಲಿ ಇನ್ನೂ ಮುಂದೆ ಹೋಗಿ, ತಪ್ಪು ಒಪ್ಪಿ ಕೇಳಿದ ಕ್ಷಮೆಗೂ ರಕ್ಷಣೆ ಕೊಟ್ಟವು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ವೈದ್ಯರು ಬಾಯಿ ಕಟ್ಟಿಕೊಂಡು ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಈ ಮಾತಿನ ನಿಜವಾದ ತೂಕ ಕಂಡದ್ದು ಆಸ್ಟ್ರೇಲಿಯದಲ್ಲಿ. ಅಲ್ಲಿ ದಶಕಗಳ ಕಾಲ ಸರ್ಕಾರವೇ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋಗಿ ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಸೇರಿಸಿತು. 1997ರಲ್ಲಿ ವಿಚಾರಣಾ ವರದಿ ಬಂದಾಗ ಸರ್ಕಾರ ಕ್ಷಮೆ ಕೇಳಬೇಕೆಂಬ ಕೂಗೆದ್ದಿತು. ಹಿಂದಿನವರ ತಪ್ಪಿಗೆ ಇಂದಿನವರು ಹೊಣೆಯಲ್ಲ ಎಂಬುದು ಪ್ರಧಾನಿ ಜಾನ್ ಹೊವಾರ್ಡ್ ನಿಲುವು. 1999ರಲ್ಲಿ ಅವರು ಸಂಸತ್ತಿನಲ್ಲಿ ಮಂಡಿಸಿದ ನಿರ್ಣಯದಲ್ಲಿ ‘ರಿಗ್ರೆಟ್’ ಇತ್ತು, ಸಾರಿ ಇರಲಿಲ್ಲ. ಮರುವರ್ಷ ಮೇ 28ರಂದು ಸುಮಾರು 2.5 ಲಕ್ಷ ಜನ ಸಿಡ್ನಿಯ ಹಾರ್ಬರ್ ಸೇತುವೆಯ ಮೇಲೆ ನಡೆದರು. ತಲೆಯ ಮೇಲೆ ವಿಮಾನವೊಂದು ಆಕಾಶದಲ್ಲಿ ಹೊಗೆಯಿಂದ ‘ಸಾರಿ’ ಎಂದು ಬರೆಯಿತು. ಸರ್ಕಾರ ಆಡದ ಮಾತನ್ನು ಜನ ಮೊದಲು ಆಡಿದರು. ಕೊನೆಗೆ 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಎದ್ದು ನಿಂತು ಪ್ರಧಾನಿಯಾಗಿ, ಸರ್ಕಾರದ ಪರವಾಗಿ, ಸಂಸತ್ತಿನ ಪರವಾಗಿ ಮೂರು ಸಲ ‘ಐ ಆಮ್ ಸಾರಿ’ ಎಂದರು. ಗ್ಯಾಲರಿಯಲ್ಲಿದ್ದವರು ಅತ್ತರು.

ಎಲ್ಲಿ ನಿಂತು ಹೇಳಿದರು ಎಂಬುದೂ ಅಷ್ಟೇ ಮುಖ್ಯ. 1914ರಲ್ಲಿ ಪಂಜಾಬಿನವರೇ ಹೆಚ್ಚಾಗಿದ್ದ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್‌ಗೆ ಬಂದ ಕೊಮಗಟ ಮಾರು ಹಡಗನ್ನು ಕೆನಡಾ ವಾಪಸು ಅಟ್ಟಿತು. 2008ರ ಆಗಸ್ಟ್‌ನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ‍್ರೆ ನಗರದ ಪಾರ್ಕಿನಲ್ಲಿ ಪಂಜಾಬಿಗಳ ಮೇಳವೊಂದರಲ್ಲಿ ಕ್ಷಮೆ ಕೇಳಿದರು. ಸೇರಿದ್ದವರು ಅಲ್ಲೇ ಅದನ್ನು ತಿರಸ್ಕರಿಸಿದರು: ಸಂಸತ್ತಿನಲ್ಲಿ ಹೇಳಿ, ದಾಖಲೆಗೆ ಸೇರಲಿ. ಅವರ ಹಟ ಸರಿಯಾಗಿತ್ತು. 2016ರ ಮೇ 18ರಂದು ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲೇ ಹೇಳಿದರು.

ಅಮೃತಸರದ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಲು ಮೂರು ದಿನವಿದ್ದಾಗ, 2019ರ ಏಪ್ರಿಲ್ 10ರಂದು ಬ್ರಿಟನ್ ಪ್ರಧಾನಿ ಥೆರೆಸಾ ಮೇ ಕೂಡ ಸಂಸತ್ತಿನಲ್ಲೇ ಮಾತಾಡಿದರು. ಜಾಗ ಸರಿಯಿತ್ತು, ಅಧಿಕಾರವೂ ಇತ್ತು. ಅವರು ಆರಿಸಿಕೊಂಡದ್ದು ‘ರಿಗ್ರೆಟ್’. ಅಮೃತಸರಕ್ಕೆ ಬ್ರಿಟಿಷ್ ಸರ್ಕಾರ ಹೇಳಬೇಕಾದ ಸಾರಿ ಇನ್ನೂ ಬಾಕಿಯಿದೆ.