ಕೊಟ್ಟಿಗೆ ಗೂಟಕ್ಕೆ ತೂಗಿದ ಆ ತೊಗಲು ಯಾತರದು?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹಳೇ ಮಣ್ಣಿನ ಮಾಳಿಗೆ ಮನೆ ಕೆಡವಿ ಹೊಸದು ಕಟ್ಟಿಸುವವರು ಈಗ ಬಹಳ. ಅಟ್ಟ ಖಾಲಿ ಮಾಡುವಾಗ, ಕೊಟ್ಟಿಗೆಯ ಗೂಟ ಕೀಳುವಾಗ ಒಂದಿಲ್ಲೊಂದು ತೊಗಲಿನ ವಸ್ತು ಕೈಗೆ ಹತ್ತುತ್ತದೆ. ಕಟ್ಟಿಗೆಯಂತೆ ಸೆಡೆತಿರುತ್ತದೆ, ಮೇಲೆಲ್ಲ ಧೂಳು. ಮೊಮ್ಮಕ್ಕಳು “ಅಜ್ಜಾ, ಇದೇನು?” ಅಂತ ಕೇಳ್ತಾವು. ಅಜ್ಜ ಇದ್ದರೆ ಉತ್ತರ ಸಿಕ್ಕೀತು. ಇಲ್ಲದಿದ್ದರೆ ಅದು ನೆಟ್ಟಗೆ ತಿಪ್ಪೆಗೆ ಹೋಗುತ್ತದೆ.

ಎಸೆಯುವ ಮುಂಚೆ ತುಸು ತಡೀರಿ. ಯಾತಕ್ಕೆ ಬಳಸಿದ್ದು ಅನ್ನೋದನ್ನ ಆ ತೊಗಲೇ ಬಹುಮಟ್ಟಿಗೆ ಹೇಳುತ್ತದೆ. ತೂತು ಎಷ್ಟು, ಹೊಲಿಗೆ ಎಲ್ಲಿ, ಸವೆದದ್ದು ಯಾವ ಕಡೆ, ವಾಸನೆ ಎಂಥದ್ದು ಅಂತ ನೋಡಿದರೆ ಸಾಕು.

ಸೊಂಡಿಲು ಇದ್ದರೆ ಮೊಟ್ಟೆ

ಒಂದು ಕಡೆ ಅಗಲ ಬಾಯಿ, ಇನ್ನೊಂದು ಕಡೆ ಆನೆಯ ಸೊಂಡಿಲಿನಂಥ ಉದ್ದ ಕೊಳವೆ, ಎರಡೂ ತುದಿ ತೆರೆದಿವೆ ಅಂದರೆ ಅದು ಬಾವಿಯಿಂದ ನೀರು ಎತ್ತುವ ಮೊಟ್ಟೆ. ಕೆಲವರು ಈ ಏರ್ಪಾಡಿಗೆ ಕಪಿಲೆ ಅನ್ನುತ್ತಾರೆ. ಬಾಯಿಯ ಸುತ್ತ ತುಕ್ಕಿನ ಕಲೆ ಕಂಡರೆ ಅಲ್ಲಿ ಕಬ್ಬಿಣದ ಬಳೆ ಇತ್ತು ಅಂತ ತಿಳೀರಿ.

ತಳವೇ ಇಲ್ಲದ ಚೀಲದಲ್ಲಿ ನೀರು ನಿಂತದ್ದಾದರೂ ಹೆಂಗ? ಜಾಣತನ ಇರುವುದೇ ಅಲ್ಲಿ. ಮೊಟ್ಟೆಗೆ ಎರಡು ಹಗ್ಗ. ದಪ್ಪ ಹಗ್ಗ ಬಾಯಿಗೆ, ಸಣ್ಣದು ಸೊಂಡಿಲಿನ ತುದಿಗೆ. ದಪ್ಪದ್ದು ಎತ್ತರದ ಗಾಲಿಯ ಮೇಲೆ, ಸಣ್ಣದು ಬಾವಿ ದಂಡೆಯ ಉರುಳೆಯ ಮೇಲೆ ಹಾದು ಎತ್ತಿನ ನೊಗಕ್ಕೆ ಸೇರುತ್ತಿದ್ದವು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಮೊಟ್ಟೆ ಮೇಲೇರುತ್ತದೆ. ಆಗ ಸೊಂಡಿಲು ಮಡಚಿಕೊಂಡು ಅದರ ತುದಿ ಬಾಯಿಯ ಮಟ್ಟಕ್ಕೇ ನಿಲ್ಲುವುದರಿಂದ ನೀರು ಸೋರುವುದಿಲ್ಲ. ಮೊಟ್ಟೆ ದಂಡೆಗೆ ಬಂದಾಗ ಬಾಯಿ ಇನ್ನೂ ಮೇಲಕ್ಕೆ ಹೋಗುತ್ತದೆ, ಸೊಂಡಿಲು ಮಾತ್ರ ಉರುಳೆಯ ಮೇಲಿಂದ ಹೊರಕ್ಕೆ ಚಾಚುತ್ತದೆ. ನೂರು ಲೀಟರಿಗೂ ಮಿಕ್ಕಿದ ನೀರು ಯಾರ ಕೈಯೂ ತಾಗದೆ ದೋಣಿಗೆ ಸುರಿಯುತ್ತದೆ. ಇಳಿಯುವಾಗ ಭಾರ ಕೂಡಲಿ ಅಂತ ಮೊಟ್ಟೆ ಹೊಡೆಯುವವನು ಹಗ್ಗದ ಮೇಲೇ ಕೂತು ಬಿಡುತ್ತಿದ್ದ.

ನಮ್ಮ ಕಡೆ ಎರಿ ಹೊಲದ ಜೋಳ, ಹತ್ತಿ ಮಳೆ ನಂಬಿ ಬೆಳೆದವು. ಮೊಟ್ಟೆ ಬೇಕಾದದ್ದು ಬಾವಿ ಇದ್ದ ತೋಟಪಟ್ಟಿಗೆ. 1960-70ರ ದಶಕಗಳಲ್ಲಿ ಆಯಿಲ್ ಇಂಜಿನ್, ಕರೆಂಟಿನ ಪಂಪು ಬಂದಂತೆಲ್ಲ ಮೊಟ್ಟೆ ಗೂಟ ಸೇರಿತು. ನಿಮಗೆ ಇನ್ನೂ ಅನುಮಾನ ಇದ್ದರೆ ಹೊಲದ ಹಳೇ ಬಾವಿಗೆ ಹೋಗಿ ನೋಡಿ. ದಂಡೆಯ ಮೇಲೆ ಗಾಲಿ ಕೂಡಿಸಿದ ಎರಡು ಕಂಬ, ಹಗ್ಗ ತಿಕ್ಕಿ ಬಿದ್ದ ಗೀರು, ಬಾವಿಯಿಂದ ಆಚೆಗೆ ಇಳಿಯುವ ಎತ್ತಿನ ದಾರಿ ಉಳಿದಿದ್ದರೆ ಅದೇ ಸಾಕ್ಷಿ. ಲಕ್ಕುಂಡಿಯ ಕಲ್ಲಿನ ಬಾವಿ ನೋಡಲು ದೂರದೂರದಿಂದ ಜನ ಬರುತ್ತಾರೆ. ನಮ್ಮ ಹೊಲದ ಬಾವಿಯನ್ನು ನಾವೇ ನೋಡಿರುವುದಿಲ್ಲ.

ಸೊಂಡಿಲು ಇಲ್ಲದಿದ್ದರೆ?

ಎತ್ತಿನ ಅಥವಾ ಕೋಣದ ಬೆನ್ನ ಮೇಲೆ ಎರಡೂ ಮಗ್ಗಲಿಗೆ ಜೋಲುವಂಥ ದೊಡ್ಡ ಚೀಲವಾದರೆ ಅದು ಪಖಾಲಿ. ನಳ ಬರುವ ಮುಂಚೆ ಪೇಟೆಯ ಓಣಿಗಳಿಗೆ ನೀರು ಹೊತ್ತದ್ದು ಅದೇ. ಕುತ್ತಿಗೆ ಸಣ್ಣ, ಹೊಟ್ಟೆ ದುಂಡಗೆ, ಮೂಸಿದರೆ ಇನ್ನೂ ಕಮಟು ಎಣ್ಣೆ ವಾಸನೆ ಬಂದರೆ ಎಣ್ಣೆ-ತುಪ್ಪ ತುಂಬುವ ಬುದ್ದಲಿ. ತುದಿಗೆ ಕಬ್ಬಿಣದ ಕೊಳವೆ ಇದ್ದು, ಅದರ ಹತ್ತಿರದ ತೊಗಲು ಬೆಂಕಿಗೆ ಕರಕಾಗಿದ್ದರೆ ಕಮ್ಮಾರರ ತಿದಿ.

ಬೆಟಗೇರಿಯ ನೇಕಾರರ ಮನೆಯಾಗಿದ್ದರೆ ಇನ್ನೊಂದು ಸಿಗಬಹುದು: ಅಂಗೈಯೊಳಗೆ ಹಿಡಿಸುವ ಗಟ್ಟಿ ತೊಗಲಿನ ತುಂಡು, ಅದಕ್ಕೊಂದು ತೂತು, ಒಂದು ಮುಖಕ್ಕೆ ಚುಚ್ಚಿ ಚುಚ್ಚಿ ಬಿದ್ದ ಕುಳಿ. ಅದು ಮಗ್ಗದ ಪಿಕ್ಕರ್. ಕೈಹಗ್ಗ ಜಗ್ಗಿದಾಗ ಲಾಳಿಯನ್ನು ಈ ದಂಡೆಯಿಂದ ಆ ದಂಡೆಗೆ ಹೊಡೆದು ಕಳಿಸುವುದು ಅದರ ಕೆಲಸ. ಆ ಕುಳಿ ಲಾಳಿಯ ಮೊನೆ ಬಡಿದು ಆದದ್ದು. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ ಹಾರುವ ಲಾಳಿ ನಮ್ಮ ಕುಣಿಮಗ್ಗಗಳಿಗೂ ಬಂದಾಗ ಇದೂ ಜೊತೆಗೆ ಬಂತು.

ಹೊಲಿದವರು ಯಾರು?

ವಸ್ತುವಿನ ಹೆಸರು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧ ಮಾಡಿದವರದು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಜಾಲಿ ಮತ್ತು ತಂಗಡಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ವಾರಗಟ್ಟಲೆ ಹದ ಮಾಡಿ, ನೀರು ಸೋರದಂತೆ ತೊಗಲಿನ ದಾರದಿಂದಲೇ ಹೊಲಿಯಬೇಕಿತ್ತು. ಈ ಕಸುಬು ಮಾಡಿದವರು ಮಾದಿಗರು, ಸಮಗಾರರು, ಢೋರರು. ಹರಿದಾಗ ತೇಪೆ ಹಾಕುವುದೂ ಅವರದೇ ಪಾಲಿಗೆ. ಪ್ರತಿಯಾಗಿ ಸುಗ್ಗಿಯ ಕಣದಲ್ಲಿ ಒಂದಿಷ್ಟು ಆಯದ ಕಾಳು.

ಅವರು ಹೊಲಿದ ತೊಗಲಿನಲ್ಲೇ ನೀರು ಮೇಲೆ ಬಂತು, ಬೆಳೆ ಹಸಿರಾಯಿತು. ಆದರೆ ಎಷ್ಟೋ ಊರಾಗ ಅದೇ ಬಾವಿಯ ನೀರನ್ನು ಅವರು ಮುಟ್ಟುವಂತಿರಲಿಲ್ಲ. ಮನೆಯ ಗೂಟಕ್ಕೆ ತೂಗಿದ ಮೊಟ್ಟೆ ಈ ಮಾತನ್ನೂ ಹೇಳುತ್ತದೆ. ಕೇಳಲು ಹಿತವಾಗಿಲ್ಲ, ಆದರೂ ಕೇಳಿಸಿಕೊಳ್ಳಬೇಕು.

ಈಗೇನು ಮಾಡೋದು?

ನೀರಿನಲ್ಲಿ ತೊಳೆಯಬೇಡಿ, ಬಿಸಿಲಿಗೆ ಹಾಕಬೇಡಿ. ಮೆತ್ತಗಾಗಲಿ ಅಂತ ಕೊಬ್ಬರಿ ಎಣ್ಣೆ ಸುರಿಯಬೇಡಿ, ಸೆಡೆತ ಮಡಿಕೆಯನ್ನು ಬಲವಂತದಿಂದ ಬಿಡಿಸಬೇಡಿ, ಒಡೆಯುತ್ತದೆ. ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆದು, ಗಾಳಿಯಾಡುವ ನೆರಳಿನಲ್ಲಿ ಹಳೇ ಹತ್ತಿ ಬಟ್ಟೆಯ ಮೇಲೆ ಇಡಿ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಊರ ಶಾಲೆಯನ್ನೋ ಹತ್ತಿರದ ವಸ್ತು ಸಂಗ್ರಹಾಲಯವನ್ನೋ ವಿಚಾರಿಸಿ. ರಾಮನಗರದ ಜಾನಪದ ಲೋಕದಲ್ಲಿ ಇಂಥ ಹಳ್ಳಿ ಬದುಕಿನ ಸಾಮಾನುಗಳನ್ನು ಜೋಪಾನ ಮಾಡಿದ್ದಾರೆ.

ಅದಕ್ಕೂ ಮೊದಲು ಒಂದು ಫೋಟೋ ತೆಗೆದು, ಅಳತೆ ಬರೆದು, ಊರ ಹಿರಿಯರ ಮುಂದೆ ಕೂಡ್ರಿ. ಯಾವ ಬಾವಿಯದು, ಯಾವ ಭಾಗಕ್ಕೆ ಏನಂತಿದ್ದರು, ಮೊಟ್ಟೆ ಹೊಡೆಯುವಾಗ ಯಾವ ಹಾಡು ಹೇಳುತ್ತಿದ್ದರು ಅಂತ ಕೇಳಿ, ಮೊಬೈಲಿನಲ್ಲಿ ದನಿ ಹಿಡಿದಿಡಿ. ಹೊಲಿದ ಮನೆತನ ಯಾವುದು ಅನ್ನೋದನ್ನ ಮಾತ್ರ ಮರೀದೇ ಕೇಳಿ, ಅವರ ಮನೆಗೂ ಹೋಗಿ ಮಾತಾಡಿಸಿ. ಬಾವಿಯ ಒಡೆಯರ ಹೆಸರು ಹೊಲದ ಉತಾರದಲ್ಲಿ ಇದ್ದೇ ಇರುತ್ತದೆ. ಮೊಟ್ಟೆ ಹೊಲಿದವರ ಹೆಸರು ನೀವು ಬರೆದಿಟ್ಟರೆ ಮಾತ್ರ ಉಳಿಯುತ್ತದೆ.