ಟೇಪು ಹಿಡಿದು ಹಸು ಕೊಳ್ಳುವವರಿಗೆ

ಪರಿಚಯದ ರೈತರೊಬ್ಬರು ಎರಡು ವರ್ಷದ ಹಿಂದೆ, ಮಾವಿನ ಫಸಲಿನ ದುಡ್ಡು ಕೈಸೇರಿದ ವಾರವೇ, ಒಂದೂವರೆ ಲಕ್ಷ ಕೊಟ್ಟು ಎರಡೂಕಾಲು ಅಡಿಯ ಒಂದು ‘ಹಸು’ ತಂದರು. ‘ಅಸಲಿ ಪುಂಗನೂರು ಸಾರ್, ವರ್ಷ ತುಂಬಿದೆ, ಇನ್ನು ನಾಲ್ಕು ಬೆರಳು ಬೆಳೆದರೆ ಹೆಚ್ಚು’ ಎಂದಿದ್ದನಂತೆ ದಲ್ಲಾಳಿ. ಟೈಲರ್ ಟೇಪಿನಲ್ಲಿ ಅಳೆದೇ ದುಡ್ಡು ಕೊಟ್ಟಿದ್ದರು. ಬಾಯಿ ತೆರೆಸಿ ಹಲ್ಲು ನೋಡಿದಿರಾ ಎಂದೆ. ‘ಹಲ್ಲು ಯಾಕೆ? ಎತ್ತರ ಕಣ್ಣಿಗೇ ಕಾಣುತ್ತಲ್ಲ’ ಎಂದರು. ನಾನು ಬಾಯಿ ತೆರೆಸಿದೆ. ಹಾಲುಹಲ್ಲು ಇನ್ನೂ ಸವೆದೇ ಇರಲಿಲ್ಲ. ಮೂರು ತಿಂಗಳು ದಾಟಿರದ ಕರು ಅದು.

ಗಿಡ್ಡ ಇದ್ದದ್ದೆಲ್ಲ ಪುಂಗನೂರು, ಗಿಡ್ಡ ಆದಷ್ಟೂ ಅಸಲಿ, ಅಸಲಿ ಆದಷ್ಟೂ ಲಕ್ಷ. ಈಗ ಕಿವಿಗೆ ಬೀಳುವ ಮಂತ್ರ ಇದು. ಬೆಂಗಳೂರಿನ ವಿಲ್ಲಾದವರು ನಂಬಿದರೆ ಬಿಡಿ ಎನ್ನಬಹುದು. ಕೋಲಾರದ ಆಂಧ್ರ ಗಡಿಯ ನಮ್ಮ ರಾಯಲ್ಪಾಡಿನವರು ನಂಬುವುದು ಹೇಗೆ? ನಮಗೆ ಪುಂಗನೂರು ನೆಂಟರ ಸೀಮೆ. ಗಡಿ ದಾಟಿದರೆ ಮದನಪಲ್ಲಿ, ಅದರಾಚೆ ಪುಂಗನೂರು, ಮತ್ತೂ ಮುಂದೆ ಪಲಮನೇರು. ಹೆಣ್ಣು ಕೊಟ್ಟು ತಂದು, ಅರ್ಧ ತೆಲುಗಿನಲ್ಲೇ ಜಗಳವಾಡುವ ಜನ ನಾವು. ಆ ಹಸುವನ್ನು ಮೊಬೈಲಿನಲ್ಲಿ ನೋಡಿ ಗುರುತು ಹಿಡಿಯುವ ಗತಿ ನಮಗೆ ಬರಬಾರದಿತ್ತು.

ಪುಂಗನೂರು ಒಂದು ತಳಿ, ಅಳತೆಯ ಹೆಸರಲ್ಲ. ಹಳೆಯ ಚಿತ್ತೂರು ಜಿಲ್ಲೆಯ ಒಣಭೂಮಿಯಲ್ಲಿ, ಸಿಕ್ಕಷ್ಟು ಹುಲ್ಲು ಮೇಯ್ದು, ತಲೆಮಾರುಗಳಿಂದ ರೂಪುಗೊಂಡ ದನ. ಹಗುರ ಮಣ್ಣಿನ ಹೊಲ ಉಳಲು ಅದರ ಎತ್ತೇ ಸಾಕಾಗುತ್ತಿತ್ತು. ಎತ್ತರ ಮೂರಡಿ ಆಸುಪಾಸು ನಿಜ. ಆದರೆ ಬಲ್ಲವರು ನೋಡುವುದು ಅಗಲ ಹಣೆ, ಬಾಗಿದ ಮೋಟು ಕೊಂಬು, ನೆಲ ಮುಟ್ಟುವಂಥ ಬಾಲ. ಅದಕ್ಕಿಂತ ಮೊದಲು ತಾಯಿ ಯಾವುದು, ತಂದೆ ಯಾವುದು ಎಂಬುದು. ಒಂದು ಕಾಲಕ್ಕೆ ಅಳಿದೇಹೋಯಿತು ಎನ್ನುವ ಹಂತಕ್ಕೆ ಬಂದಿದ್ದ ತಳಿಯನ್ನು ಪಲಮನೇರಿನ ಜಾನುವಾರು ಸಂಶೋಧನಾ ಕೇಂದ್ರ ಹಿಂಡು ಕಟ್ಟಿ ಉಳಿಸಿಕೊಂಡು ಬಂದಿದೆ. ಅಳಿವಿನಂಚಿನ ಹಸು ಇದ್ದಕ್ಕಿದ್ದಂತೆ ಪ್ರತಿ ಸಂತೆಗೂ ಹತ್ತಿಪ್ಪತ್ತು ಬಂದು ನಿಲ್ಲುವುದು ಎಲ್ಲಿಂದ ಎಂದು ಒಬ್ಬರೂ ಕೇಳುವುದಿಲ್ಲ.

ಗಿಡ್ಡ ದನ ನಮ್ಮ ನಾಡಿನಲ್ಲಿ ಹೊಸದೂ ಅಲ್ಲ. ಮಲೆನಾಡು ಗಿಡ್ಡ ಇದೆ, ಕಾಸರಗೋಡು ಗಿಡ್ಡ ಇದೆ, ಕೊಟ್ಟಾಯಂ ಕಡೆಯ ವೇಚೂರು ಇದೆ. ಒಂದೂ ಪುಂಗನೂರಲ್ಲ. 2014ರಲ್ಲಿ ಜಗತ್ತಿನ ಅತಿ ಗಿಡ್ಡ ಹಸುವೆಂದು ಗಿನ್ನೆಸ್ ದಾಖಲೆ ಸೇರಿದ ಕೇರಳದ ಮಾಣಿಕ್ಯಂ, 61.1 ಸೆಂಟಿಮೀಟರ್, ವೇಚೂರು ತಳಿಯದು. ಟೇಪಿನ ಲೆಕ್ಕವೇ ಸರಿಯಾದರೆ ಅದನ್ನೂ ಪುಂಗನೂರು ಎನ್ನಬೇಕಾದೀತು. ಇನ್ನು ನಮ್ಮ ಕಡೆಯ ನಾಟಿ ಕರುಗಳಲ್ಲಿ ಎಷ್ಟೋ ಗಿಡ್ಡವಾಗಿರುವುದು ತಳಿಯಿಂದಲ್ಲ, ಹಸಿವಿನಿಂದ. ತಾಯಿ ಹಾಲನ್ನೆಲ್ಲ ಕರೆದುಕೊಂಡು, ಕರುವಿಗೆ ಒಣ ರಾಗಿಹುಲ್ಲು ತೋರಿಸಿ ಬೆಳೆಸಿದರೆ ಯಾವ ಕರುವೂ ಗಿಡ್ಡವಾಗೇ ಇರುತ್ತದೆ. ಅಂಥದಕ್ಕೆ ಗೆಜ್ಜೆ ಕಟ್ಟಿ, ಕೊಂಬಿಗೆ ಬಣ್ಣ ಬಳಿದರೆ ಬೆಲೆಗೆ ಒಂದು ಸೊನ್ನೆ ಹೆಚ್ಚು.

‘ಗಿಡ್ಡ ಆದಷ್ಟೂ ಒಳ್ಳೆಯದು’ ಎಂಬ ಹುಚ್ಚು ತಳಿಗೂ ಒಳ್ಳೆಯದಲ್ಲ. ಎತ್ತರವೊಂದನ್ನೇ ನೋಡಿ ಅಣ್ಣ ತಂಗಿಯರನ್ನೇ ಕೂಡಿಸುತ್ತ ಹೋದರೆ ಹಾಲು, ಗಬ್ಬ, ಆಯುಸ್ಸು ಎಲ್ಲ ಕೈಬಿಡುತ್ತವೆ. ಐರ್ಲೆಂಡಿನ ಡೆಕ್ಸ್‌ಟರ್ ಎಂಬ ಗಿಡ್ಡ ದನದ ಕಥೆ ಕೇಳಬೇಕು. ಅಲ್ಲಿ ಕಾಲು ಮೋಟಾಗಿಸುವ ಒಂದು ಜೀನ್ ಇದೆ. ತಾಯಿಯಿಂದಲೋ ತಂದೆಯಿಂದಲೋ ಒಂದು ಪ್ರತಿ ಬಂದರೆ ಮುದ್ದಾದ ಗಿಡ್ಡ ಹಸು. ಎರಡೂ ಕಡೆಯಿಂದ ಬಂದರೆ ನಾಯಿಮೋರೆಯ, ಅಂಗ ಊನವಾದ ಕರು ಹೊಟ್ಟೆಯಲ್ಲೇ ಸಾಯುತ್ತದೆ. ‘ಬುಲ್‌ಡಾಗ್ ಕರು’ ಎಂದೇ ಅದಕ್ಕೆ ಹೆಸರು. ನಮ್ಮವರ ಇನ್ನೊಂದು ಜಾಣತನವೆಂದರೆ ನಿಜವಾದ ಗಿಡ್ಡ ಹಸುವಿಗೆ, ಹಾಲು ಹೆಚ್ಚಲಿ ಎಂದು, ಸೀಮೆ ಹೋರಿಯ ಇಂಜೆಕ್ಷನ್ ಹಾಕಿಸುವುದು. ಕರು ದೊಡ್ಡದು, ದಾರಿ ಚಿಕ್ಕದು. ಈಯುವ ರಾತ್ರಿ ಡಾಕ್ಟರಿಗೆ ಫೋನ್ ಮಾಡಿ ಅತ್ತರೆ ಪ್ರಯೋಜನವಿಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ‘ಎಂಟು ಪರ್ಸೆಂಟ್ ಫ್ಯಾಟು, ಡೈರಿಯಲ್ಲಿ ದುಡ್ಡೇ ದುಡ್ಡು’ ಎನ್ನುವವರು ಲೆಕ್ಕ ಹಾಕಲಿ: ಎಂಟರ ಫ್ಯಾಟಿನ ಎರಡು ಲೀಟರಿನಲ್ಲಿ ಕೊಬ್ಬು 160 ಗ್ರಾಂ, ಮೂರೂವರೆ ಫ್ಯಾಟಿನ ಸೀಮೆ ಹಸುವಿನ ಹತ್ತು ಲೀಟರಿನಲ್ಲಿ 350 ಗ್ರಾಂ, ಸರ್ಕಾರದ ಪ್ರೋತ್ಸಾಹಧನವೂ ಲೀಟರಿಗೇ. ‘ದಿನಕ್ಕೆ ಐದು ಕೆಜಿ ಮೇವು ಸಾಕು’ ಎಂಬುದು ಒಣ ಮೇವಿನ ಲೆಕ್ಕ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ, ಹದಿನೈದು ಕೆಜಿಗೆ ಕಡಿಮೆಯಾದರೆ ಹೊಟ್ಟೆ ತುಂಬುವುದಿಲ್ಲ. ನಾಟಿ ದನಕ್ಕೆ ರೋಗ ಬರಲ್ಲ ಎನ್ನುವವರು 2022ರ ಚರ್ಮಗಂಟು ರೋಗವನ್ನು ಇಷ್ಟು ಬೇಗ ಮರೆತರೇ? ಹಿಣಿಲಿನ ನಾಡಿ ಬಿಸಿಲು ಹೀರಿ ಹಾಲಿಗೆ ಚಿನ್ನ ಇಳಿಸುತ್ತದೆ ಎಂಬ ಮಾತನ್ನು ಬೇರೆ ಜಿಲ್ಲೆಯವರು ಹೇಳಲಿ, ನಾವು ಕೋಲಾರದವರು. ಹಿಣಿಲಿನಲ್ಲಿರುವುದು ಮಾಂಸ ಮತ್ತು ಕೊಬ್ಬು, ಹಾಲಿನ ಹಳದಿ ಹಸಿರು ಮೇವಿನ ಕೆರೋಟಿನ್. ಚಿನ್ನ ಅಷ್ಟು ಸಲೀಸಾಗಿ ಸಿಗುವಂತಿದ್ದರೆ ಕೆಜಿಎಫ್‌ನಲ್ಲಿ ಭೂಮಿ ಕೊರೆದು ಮೈಲಿಗಟ್ಟಲೆ ಆಳಕ್ಕೆ ಇಳಿಯುವ ಕರ್ಮ ಯಾರಿಗೆ ಬೇಕಿತ್ತು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಷ್ಟು ಮನೆಗಳ ಒಲೆ ಯಾಕೆ ಆರುತ್ತಿತ್ತು?

2024ರ ಸಂಕ್ರಾಂತಿಗೆ ಪ್ರಧಾನಿ ತಮ್ಮ ಮನೆಯಂಗಳದಲ್ಲಿ ಪುಂಗನೂರು ಹಸುಗಳಿಗೆ ಮೇವು ತಿನ್ನಿಸಿದ ಚಿತ್ರ ಬಂತು. ಹಸುವಿನ ತಪ್ಪೇನಿಲ್ಲ, ಚಿತ್ರದ್ದೂ ಅಲ್ಲ. ಅದನ್ನು ನೋಡಿ ನೇರ ಬ್ಯಾಂಕಿಗೆ ಹೋದವರ ಬಗ್ಗೆ ನನ್ನ ತಕರಾರು. ಈ ಗಡಿಸೀಮೆ ಇಂಥವು ಎಷ್ಟು ಕಂಡಿಲ್ಲ! ಅಕ್ಕಿ ಎಳೆಯುವ ರೈಸ್ ಪುಲ್ಲಿಂಗ್ ಚೊಂಬು ಬಂತು, ಎರಡು ತಲೆ ಹಾವು ಬಂತು, ಎಮು ಹಕ್ಕಿ ಬಂತು. ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿತೆಂದು ಸಾವಿರದೈನೂರು ಅಡಿ ಬೋರ್‌ವೆಲ್ ಕೊರೆಸಿ ಬರೀ ದೂಳು ಕಂಡವರು ಪ್ರತಿ ಊರಲ್ಲೂ ಇದ್ದಾರೆ. ಟೊಮೆಟೊ ಮಂಡಿಯಲ್ಲಿ ಬಾಕ್ಸಿಗೆ ಹತ್ತು ರೂಪಾಯಿಗಾಗಿ ಒಂದು ಗಂಟೆ ವಾದ ಮಾಡುವ ಮನುಷ್ಯ, ಅಪರಿಚಿತನ ಕೈಗೆ ಒಂದೂವರೆ ಲಕ್ಷ ಇಡುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಒಗಟು ನನಗೆ ಬಿಡಿಸಲು ಬಂದಿಲ್ಲ.

ಆವನಿ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಲು ಬರುವ ಮುದುಕರನ್ನು ನೋಡಿದ್ದೇನೆ. ಕೊಂಬಿನ ಬಣ್ಣ, ಕೊರಳ ಗಂಟೆ ಯಾವುದನ್ನೂ ನೋಡದೆ ಮೊದಲು ತುಟಿ ಎತ್ತಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಎರಡು ಹಲ್ಲು ಮೂಡಲು ಎರಡು ವರ್ಷವಾದರೂ ಬೇಕು. ಅದಕ್ಕೆ ಮುಂಚಿನ ಎತ್ತರ ನೋಡಿ ತಳಿ ಹೇಳುವವನು ಸುಳ್ಳು ಹೇಳುತ್ತಿದ್ದಾನೆ. ಗಿಡ್ಡ ಹಸು ಸಾಕುವ ಆಸೆ ಇದ್ದರೆ ಸಾಕಿ, ಅರ್ಧ ಎಕರೆಯವನಿಗೆ ಗೊಬ್ಬರಕ್ಕೂ ಮನೆ ಹಾಲಿಗೂ ಒಳ್ಳೆಯ ಪ್ರಾಣಿ. ತಾಯಿ ಹಸುವನ್ನು ತೋರಿಸಲು ಒಪ್ಪದವನಿಂದ ಮಾತ್ರ ಕೊಳ್ಳಬೇಡಿ.

ಒಂದೂವರೆ ಲಕ್ಷದ ಆ ಕರು ಜೆರ್ಸಿ ಮಿಶ್ರದ್ದು. ಈಗ ನಾಲ್ಕಡಿ ಮುಟ್ಟಿದೆ, ಗಬ್ಬವಾಗಿದೆ, ಈದ ಮೇಲೆ ಡೈರಿಗೆ ಹಾಕುವ ಲೆಕ್ಕಾಚಾರ ನಡೆದಿದೆ. ಮನೆಯವರು ಈಗಲೂ ಅದನ್ನು ತೆಲುಗಿನಲ್ಲಿ ಕರೆಯುವುದು ‘ಪೊಟ್ಟಿ’, ಅಂದರೆ ಗಿಡ್ಡಿ, ಎಂದೇ.