ಸ್ಲೋ ಸೆಟ್ ಮಾಡುವ ಕಸುಬು

ಮಳೆಗಾಲ ಮುಗಿದು ಕಾಫಿ ಸೀಮೆಯ ಮಣ್ಣಿನ ದಾರಿಗಳು ಒಣಗುವ ಹೊತ್ತಿಗೆ ಗ್ಯಾರೇಜುಗಳಿಗೆ ಕ್ವಾಡ್ ಬೈಕುಗಳು ಬರತೊಡಗುತ್ತವೆ. ತೋಟದ ಮಾಲೀಕರದ್ದಿರಲಿ, ಪ್ರವಾಸಿಗರನ್ನು ಕೂರಿಸಿ ಗುಡ್ಡ ಸುತ್ತಿಸುವವರದ್ದಿರಲಿ, ದೂರು ಹೆಚ್ಚುಕಡಿಮೆ ಒಂದೇ: “ಸ್ಟಾರ್ಟ್ ಏನೋ ಆಗ್ತದೆ, ಸ್ಲೋ ಮಾತ್ರ ನಿಲ್ತಿಲ್ಲ ಮೇಸ್ತ್ರಿ.” ಸ್ಲೋ ಎಂದರೆ ಆಕ್ಸಿಲರೇಟರ್ ಒತ್ತದೆ ಇದ್ದಾಗ ಎಂಜಿನ್ ನಿಧಾನಕ್ಕೆ ಓಡುತ್ತಿರುವುದು. ಹೆಬ್ಬೆರಳು ಆಕ್ಸಿಲರೇಟರ್ ಒತ್ತಿರುವಷ್ಟು ಹೊತ್ತು ಎಂಜಿನ್ ಗಟ್ಟಿಯಾಗಿಯೇ ಓಡುತ್ತದೆ. ಬೆರಳು ತೆಗೆದರೆ ಎರಡು ಸಲ ಕೆಮ್ಮಿ ಆಫ್ ಆಗುತ್ತದೆ. ಕೆಲವು ಗಾಡಿಗಳದ್ದು ಇದರ ತಿರುಗುಮುರುಗು: ಬೆರಳು ತೆಗೆದರೂ ರೇಸ್ ಇಳಿಯುವುದಿಲ್ಲ, ಬ್ರೇಕ್ ಬಿಟ್ಟರೆ ಗಾಡಿ ತಾನಾಗಿ ಮುಂದಕ್ಕೆ ಜರುಗುತ್ತದೆ.

ಎಂಜಿನ್ ಬಿಚ್ಚಿ ಪಿಸ್ಟನ್ ಬದಲಿಸುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಸ್ಲೋ ಏಕೆ ನಿಲ್ಲುತ್ತಿಲ್ಲ ಎಂದು ಕಾರಣ ಹುಡುಕಿ, ಬೇಡದ ಬಿಡಿಭಾಗ ಕೊಳ್ಳಿಸದೆ, ಅದನ್ನು ಸರಿಮಾಡಿ ಕೊಡುವವರು ಕಡಿಮೆ. ಮೆಕ್ಯಾನಿಕ್ ಕೆಲಸದಲ್ಲಿ ಕಿವಿ, ಮೂಗು, ಬೆರಳು ಮೂರೂ ಒಟ್ಟಿಗೆ ಬೇಕಾಗುವ ಜಾಗ ಇದು.

ಕ್ವಾಡ್ ಬೈಕಿನ ವಂಶ ತುಂಬಾ ಹಳೆಯದಲ್ಲ. ಚಳಿಗಾಲದಲ್ಲಿ ಬೈಕು ಮಾರಾಟ ಬಿದ್ದುಹೋಗುತ್ತದೆ, ಹಿಮದಲ್ಲೂ ಓಡುವ ಏನಾದರೂ ಕೊಡಿ ಎಂದು ಅಮೆರಿಕದ ಡೀಲರುಗಳು ಕೇಳಿದ್ದಕ್ಕೆ ಹೋಂಡಾ ಕಂಪನಿ 1970ರಲ್ಲಿ ಯುಎಸ್90 ಎಂಬ ಮೂರು ಚಕ್ರದ ಗಾಡಿ ಬಿಟ್ಟಿತು. ಗಾಳಿ ಕಡಿಮೆ ತುಂಬಿದ ದಪ್ಪ ಟೈರುಗಳ ಮೇಲೆ ಅದು ಮರಳು, ಕೆಸರು, ಹಿಮ ಯಾವುದರಲ್ಲೂ ಹೂತುಕೊಳ್ಳದೆ ಸಾಗಿತು. ನಾಲ್ಕು ಚಕ್ರದ ಮಾದರಿ ತಂದದ್ದು ಸುಜುಕಿ, 1980ರ ದಶಕದ ಆರಂಭದಲ್ಲಿ. ಮೂರು ಚಕ್ರದವು ಮಗುಚಿ ಅಪಘಾತಗಳು ಹೆಚ್ಚಿದ್ದರಿಂದ 1988ರಲ್ಲಿ ತಯಾರಕರು ಅಮೆರಿಕ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿ ಅವುಗಳ ಮಾರಾಟ ನಿಲ್ಲಿಸಿದರು. ನಮ್ಮಲ್ಲಿ ದೊಡ್ಡ ಗಾಡಿಗಳ ಜೊತೆಗೆ 110, 125 ಸಿಸಿಯ ಸಣ್ಣ ಗಾಡಿಗಳೂ ಓಡಾಡುತ್ತವೆ. ಬಹುತೇಕ ಇವು ರಸ್ತೆಗೆ ನೋಂದಣಿಯಾಗದೆ ತೋಟ, ಕಡಲತೀರ, ಸಾಹಸ ಕ್ರೀಡೆಯ ಅಂಗಳಗಳಲ್ಲೇ ಉಳಿಯುವ ಗಾಡಿಗಳು. ಹಾಗಾಗಿಯೇ 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದು ರಸ್ತೆಯ ಹೊಸ ಬೈಕುಗಳಿಂದ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮಾಯವಾದರೂ ಕ್ವಾಡ್ ಬೈಕುಗಳಲ್ಲಿ ಅದಿನ್ನೂ ಜೀವಂತವಾಗಿದೆ.

ಬೈಕಿನಲ್ಲಿ ಸ್ಲೋ ಕೆಟ್ಟರೆ ಸಿಗ್ನಲ್ಲಿನಲ್ಲಿ ಕಿರಿಕಿರಿ, ಅಷ್ಟೆ. ಕ್ವಾಡ್ ಬೈಕಿನಲ್ಲಿ ಅದು ಅಪಾಯಕ್ಕೆ ದಾರಿ. ಇವುಗಳಲ್ಲಿ ಹೆಚ್ಚಿನವಕ್ಕೆ ಕೈಯಿಂದ ಹಿಡಿಯುವ ಕ್ಲಚ್ ಇಲ್ಲ. ಎಂಜಿನ್ ವೇಗ ಒಂದು ಮಟ್ಟ ದಾಟಿದರೆ ಕ್ಲಚ್ ತಾನೇ ಕಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 1,200ರಿಂದ 1,600 ಸುತ್ತು ಇರಬೇಕಾದ ಸ್ಲೋ ಅದಕ್ಕಿಂತ ಬಹಳ ಮೇಲೇರಿದರೆ ಗೇರಿಗೆ ಹಾಕಿದ ಗಾಡಿ ಯಾರೂ ಹೇಳದೆ ಹೊರಡುತ್ತದೆ. ಮುಂದೆ ಮಗುವೊಂದು ನಿಂತಿದ್ದರೆ ಏನಾದೀತು ಎಂದು ಯೋಚಿಸಿ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಆಫ್ ಆದರೆ ಎಂಜಿನ್ನಿನ ಹಿಡಿತ ತಪ್ಪಿ ಪೂರಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಗಾಡಿಗಳಲ್ಲಿ ಈ ತೊಂದರೆಯನ್ನು “ನೋಡೋಣ, ಮುಂದಿನ ವಾರ” ಎಂದು ತಳ್ಳುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಆಕ್ಸಿಲರೇಟರ್ ಬಿಟ್ಟಾಗ ಕಾರ್ಬ್ಯುರೇಟರಿನ ದೊಡ್ಡ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಎಂಜಿನ್ ಬದುಕುವುದು ಪೈಲಟ್ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಣುಕಿನ ತೂತಿನಿಂದ ಬರುವ ಪೆಟ್ರೋಲಿನ ಮೇಲೆ. ಕೆಹಿನ್ ಕಂಪನಿಯ ಜೆಟ್ ಮೇಲೆ 38 ಎಂದು ಬರೆದಿದ್ದರೆ ಆ ತೂತಿನ ಅಗಲ 0.38 ಮಿಲಿಮೀಟರ್. ಗಾಡಿ ತಿಂಗಳುಗಟ್ಟಲೆ ನಿಂತಾಗ ಕಾರ್ಬ್ಯುರೇಟರಿನ ತಳದ ಬೌಲಿನಲ್ಲಿದ್ದ ಪೆಟ್ರೋಲು ಆರಿ, ಹಳದಿ ಬಣ್ಣದ ಅಂಟು ಉಳಿಯುತ್ತದೆ. ರೇಸ್ ಕೊಟ್ಟಾಗ ಕೆಲಸ ಮಾಡುವ ದೊಡ್ಡ ಜೆಟ್ಟಿಗೆ ಅದರಿಂದ ಅಷ್ಟೇನೂ ಆಗದು. ಪೈಲಟ್ ಜೆಟ್ ಮುಚ್ಚಿಹೋಗಲು ಅಷ್ಟು ಸಾಕು. ರೇಸ್ ಕೊಟ್ಟಾಗ ಚೆನ್ನಾಗಿ ಓಡಿ ಬಿಟ್ಟಾಗ ಸಾಯುವ ಗಾಡಿಗಳಲ್ಲಿ ದೊಡ್ಡ ಪಾಲು ಇದರದ್ದೇ.

ಹಾಗೆಂದು ಪಳಗಿದ ಮೆಕ್ಯಾನಿಕ್ ಕಾರ್ಬ್ಯುರೇಟರಿಗೆ ನೇರವಾಗಿ ಕೈ ಹಾಕುವುದಿಲ್ಲ, ಮೊದಲು ಪ್ರಶ್ನೆ ಕೇಳುತ್ತಾನೆ. ತಣ್ಣಗಿದ್ದಾಗ ಆಫ್ ಆಗ್ತದೋ, ಬಿಸಿಯಾದ ಮೇಲೋ? ಹಳ್ಳ ದಾಟಿಸಿದ ಮೇಲೆ ಶುರುವಾಯಿತೋ? ಯಾರಾದರೂ ಸ್ಕ್ರೂ ತಿರುಗಿಸಿದ್ದಾರೋ? ಕೊನೆಯ ಪ್ರಶ್ನೆಗೆ ಮಾಲೀಕರು ಸತ್ಯ ಹೇಳಿದರೆ ಅರ್ಧ ದಿನ ಉಳಿಯುತ್ತದೆ.

ಆಮೇಲೆ ಬೌಲಿನ ಡ್ರೇನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯುವುದು. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹತ್ತು ನಿಮಿಷ ಓಡಿ ನಿಲ್ಲುವ ಗಾಡಿಯಾದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಬೇಕು. ಗಾಳಿ ಎಳೆದುಕೊಂಡ ಸದ್ದು ಬಂದು ಎಂಜಿನ್ ಚೇತರಿಸಿಕೊಂಡರೆ ಮುಚ್ಚಳದ ಗಾಳಿನಳಿಗೆ ಕೆಸರು ಕಟ್ಟಿದೆ, ಇಲ್ಲವೇ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆ. ಕ್ವಾಡ್ ಬೈಕಿನಲ್ಲಿ ಇದು ಬೈಕಿಗಿಂತ ಹೆಚ್ಚು. ಏರ್ ಫಿಲ್ಟರ್ ಸ್ಪಂಜು ಧೂಳು ತುಂಬಿಯೋ ನೀರು ಕುಡಿದೋ ಕೂತಿದ್ದರೆ ಗಾಳಿ ಸಾಲದೆ ಎಂಜಿನ್ ಕಪ್ಪು ಹೊಗೆ ಬಿಟ್ಟು ಕುಗ್ಗುತ್ತದೆ. ಹ್ಯಾಂಡಲ್ಲನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ತಿರುಗಿಸಿದಾಗ ರೇಸ್ ಏರಿದರೆ ತಪ್ಪು ಆಕ್ಸಿಲರೇಟರ್ ಕೇಬಲ್ಲಿನದ್ದು, ಕಾರ್ಬ್ಯುರೇಟರಿನದ್ದಲ್ಲ. ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಆದರೂ ಇದನ್ನು ಬಿಟ್ಟು ಕಾರ್ಬ್ಯುರೇಟರ್ ಬದಲಿಸಿದ ಗಾಡಿಗಳು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಯುತ್ತವೆ.

ಅತ್ಯಂತ ಮೋಸದ ತೊಂದರೆ ಏರ್ ಲೀಕ್. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಬೂಟು ಬಿಸಿಲಿಗೂ ಎಂಜಿನ್ ಕಾವಿಗೂ ಸೀಳುತ್ತದೆ. ಹೊರಗಿನಿಂದ ಗೆರೆಯಷ್ಟೇ ಕಂಡರೂ ಬಗ್ಗಿಸಿ ನೋಡಿದರೆ ಬಿರುಕು ಬಾಯಿಬಿಡುತ್ತದೆ. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಗ್ಯಾರೇಜಿನ ಮಾತಿನಲ್ಲಿ ‘ಲೀನ್’. ಆಗ ಸ್ಲೋ ಒಂದೇ ಸಮ ಇರದೆ ಏರುತ್ತ ಇಳಿಯುತ್ತ ಇರುತ್ತದೆ, ರೇಸ್ ಬಿಟ್ಟರೂ ಮೇಲೆಯೇ ನೇತಾಡಿ ನಿಧಾನಕ್ಕೆ ಇಳಿಯುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತದೆ. ಎಂಜಿನ್ ಸ್ಲೋದಲ್ಲಿರುವಾಗಲೇ ಬೂಟಿನ ಸುತ್ತ ಸೋಪು ನೀರನ್ನು ಸಣ್ಣಗೆ ಸಿಂಪಡಿಸಿದರೆ ಬಿರುಕಿದ್ದ ಕಡೆ ಎಂಜಿನ್ ಸದ್ದು ಬದಲಾಗುತ್ತದೆ. ಕೆಲವರು ಇದಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಬಳಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಬೆಂಕಿ ಹತ್ತುವ ದ್ರವ ಚಿಮ್ಮಿಸುವುದು ಬೇಡ. ಸೋಪು ನೀರೇ ಲೇಸು. ಬಿರುಕು ಹಾಗೇ ಇಟ್ಟುಕೊಂಡು ಸ್ಕ್ರೂ ತಿರುಗಿಸಿ ಸ್ಲೋ ಕೂರಿಸಿದರೆ ಸಂಜೆಯವರೆಗೆ ನಿಂತೀತು. ತೆಳು ಮಿಶ್ರಣದ ಬಿಸಿಗೆ ಎಂಜಿನ್ ಒಳಗೊಳಗೇ ಸವೆಯುವುದು ಮಾತ್ರ ತಪ್ಪದು.

ಇವೆಲ್ಲ ದಾಟಿದ ಮೇಲೆ ಕಾರ್ಬ್ಯುರೇಟರ್ ಬಿಚ್ಚುವ ಸರದಿ. ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ದುಂಡಗೆ, ಸ್ವಚ್ಛವಾಗಿ ಕಾಣಬೇಕು. ಅದಕ್ಕೆ ಉಕ್ಕಿನ ಪಿನ್ನು ಚುಚ್ಚಬಾರದು. ತೂತು ಕೂದಲೆಳೆಯಷ್ಟು ಅಗಲವಾದರೂ ಜೆಟ್ ಕೆಟ್ಟಂತೆ. ಕರೆಂಟ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ, ಕ್ಲೀನರ್ ದ್ರವ, ಕಂಪ್ರೆಸರ್ ಗಾಳಿ ಸಾಕು. ಜೆಟ್ಟಿನ ಹಿಂದಿರುವ ಒಳದಾರಿಗಳನ್ನೂ ಊದಿ, ಗಾಳಿ ಯಾವ ತೂತಿನಿಂದ ಹೊರಬರುತ್ತದೆ ಎಂದು ಬೆರಳಿಟ್ಟು ನೋಡಬೇಕು. ತೊಳೆದು ಮತ್ತೆ ಜೋಡಿಸಿದರೂ ಗಾಡಿ ಸರಿಯಾಗಲಿಲ್ಲ ಎನ್ನುವವರಲ್ಲಿ ಹಲವರು ಈ ಒಳದಾರಿ ಮರೆತವರು. ಬೌಲಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿಯ ತುದಿಯಲ್ಲಿ ಉಂಗುರದಂತೆ ಗೀರು ಬಿದ್ದಿದ್ದರೆ ಪೆಟ್ರೋಲು ತುಂಬಿ ಹರಿಯುತ್ತದೆ. ಅಂಥ ಗಾಡಿಯ ಎಂಜಿನ್ ಆಯಿಲ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲನ್ನೂ ಬದಲಿಸಲೇಬೇಕು.

ಕೊನೆಗೆ ಬರುವುದು ಮಿಕ್ಸ್ಚರ್ ಸ್ಕ್ರೂ, ಎಲ್ಲರೂ ಮೊದಲು ತಿರುಗಿಸುವುದು. ಇದರಲ್ಲಿ ಎರಡು ಬಗೆ. ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯನ್ನು ಅಳೆಯುತ್ತದೆ, ಒಳಗೆ ತಿರುಗಿಸಿದಷ್ಟೂ ಪೆಟ್ರೋಲಿನ ಪಾಲು ಏರುತ್ತದೆ. ಎಂಜಿನ್ನಿನ ಕಡೆಗಿದ್ದರೆ ಮಿಶ್ರಣವನ್ನೇ ಅಳೆಯುತ್ತದೆ, ಹೊರಗೆ ತಿರುಗಿಸಿದಷ್ಟೂ ಪೆಟ್ರೋಲು ಹೆಚ್ಚು. ಗ್ಯಾರೇಜಿನಲ್ಲಿ ಎರಡಕ್ಕೂ ಏರ್ ಸ್ಕ್ರೂ ಎಂದೇ ಹೇಳುವುದರಿಂದ ಕಲಿಯುವ ಹುಡುಗರು ಉಲ್ಟಾ ದಿಕ್ಕಿಗೆ ಹೋಗುತ್ತಾರೆ. ಸ್ಕ್ರೂವನ್ನು ಮೆಲ್ಲಗೆ ತಳಮುಟ್ಟಿಸಿ ಒಂದೂವರೆಯಿಂದ ಎರಡೂವರೆ ಸುತ್ತು ಹೊರಗೆ ತರುವುದು ವಾಡಿಕೆಯ ಆರಂಭ. ಬಿಗಿಯಾಗಿ ತಿರುಗಿಸಿದರೆ ಅದರ ಮೊನೆ ಕೂರುವ ಜಾಗವನ್ನೇ ಕೆಡಿಸುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಕಾಲು ಸುತ್ತಿನಷ್ಟು ತಿರುಗಿಸಿ, ಎಂಜಿನ್ ಆ ಬದಲಾವಣೆಗೆ ಒಗ್ಗುವವರೆಗೆ ಕೈಕಟ್ಟಿ ಕಾಯಬೇಕು. ಒಂದು ಬಿಂದುವಿನಲ್ಲಿ ಸದ್ದು ತುಂಬಿಕೊಂಡು ಅತಿ ಚುರುಕಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಸ್ಲೋ ವೇಗ ಹೊಂದಿಸುವ ಬೇರೆ ಸ್ಕ್ರೂ ಇಳಿಸಿ, ಮತ್ತೊಮ್ಮೆ ಕೇಳಬೇಕು. ಹಳಬರು ಈ ಹೊತ್ತಿನಲ್ಲಿ ಪಕ್ಕದವರಿಗೆ ಮಾತಾಡಲು ಬಿಡುವುದಿಲ್ಲ. ಮೂರು ಸುತ್ತು ಹೊರಬಂದರೂ ಎಂಜಿನ್ ಇನ್ನೂ ಬೇಕೆನ್ನುತ್ತಿದ್ದರೆ, ಅಥವಾ ಒಂದು ಸುತ್ತಿಗೂ ಒಪ್ಪದಿದ್ದರೆ, ಜೆಟ್ಟಿನ ನಂಬರೇ ಆ ಗಾಡಿಗೆ ಹೊಂದುತ್ತಿಲ್ಲ ಎಂದರ್ಥ.

ಇಷ್ಟಾಗಿಯೂ ಬಿಸಿಯಾದ ಮೇಲೆ ಮಾತ್ರ ಆಫ್ ಆಗುವ ಗಾಡಿಯಿದ್ದರೆ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ನೋಡಬೇಕು. ಈ ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಲೆಕ್ಕ. ಅದು ಬಿಗಿಯಾದರೆ ಬಿಸಿಗೆ ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ ಫೀಲರ್ ಗೇಜ್ ಹಾಕಿ ಅಳೆಯುವ ಕೆಲಸವಿದು. ಗಿರಾಕಿ ಅವಸರ ಮಾಡಿದರೆಂದು ಬಿಸಿಯಲ್ಲೇ ಅಳೆದರೆ ಲೆಕ್ಕ ತಪ್ಪುತ್ತದೆ.

ನಮ್ಮ ನೆಲವೂ ಇಂಧನವೂ ಈ ಕಸುಬಿಗೆ ಹೊಸ ಪಾಠ ಸೇರಿಸಿವೆ. ಮಂಗಳೂರಿನ ಸಮುದ್ರಮಟ್ಟದಲ್ಲಿ ಸರಿಮಾಡಿದ ಕಾರ್ಬ್ಯುರೇಟರ್ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಹತ್ತಿರಕ್ಕೆ ಹೋದರೆ ಅಲ್ಲಿನ ಗಾಳಿಯೊತ್ತಡ ಸುಮಾರು ಐದನೇ ಒಂದು ಭಾಗ ಕಡಿಮೆ. ಗಾಳಿ ತೆಳುವಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಪ್ಲಗ್ ಕಪ್ಪಾಗುತ್ತದೆ. ಎಥನಾಲಿನದ್ದು ಇದಕ್ಕೆ ವಿರುದ್ಧ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ. ಒಂದು ಕಿಲೋ ಪೆಟ್ರೋಲು ಪೂರ್ಣ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಒಂಬತ್ತೇ ಕಿಲೋ. ಆದ್ದರಿಂದ ಹಳೆಯ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ ಲೀನ್ ಆಗುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಷೆಡ್ಡಿನೊಳಗೆ ನಿಂತ ಗಾಡಿಗೆ ಇದರಿಂದ ಆಗುವ ತೊಂದರೆಯನ್ನು ಬೇರೆ ಹೇಳಬೇಕಿಲ್ಲ.

ಫ್ಯೂಯೆಲ್ ಇಂಜೆಕ್ಷನ್ ಇರುವ ದೊಡ್ಡ ಗಾಡಿಗಳಲ್ಲಿ ಜೆಟ್ ಇಲ್ಲ. ಸ್ಲೋ ನೋಡಿಕೊಳ್ಳಲು ಪುಟ್ಟ ಮೋಟಾರಿನ ವಾಲ್ವು ಇರುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟುವುದು, ಬ್ಯಾಟರಿ ಇಳಿಯುವುದು, ಸೆನ್ಸರ್ ವೈರಿಗೆ ಕೆಸರು ಹೋಗುವುದು ಇಲ್ಲಿನ ಕಾರಣಗಳು. ಏರ್ ಲೀಕ್ ಮಾತ್ರ ಇಲ್ಲೂ ಹಾಗೇ ಕಾಡುತ್ತದೆ. ಕಂಪನಿಯಲ್ಲಿ ಸೀಲ್ ಮಾಡಿದ ಸ್ಕ್ರೂ ಮುಟ್ಟಬಾರದು.

ಈ ವಿದ್ಯೆ ಕರ್ನಾಟಕದಲ್ಲಿ ಬೆಳೆದದ್ದು ಪುಸ್ತಕದಿಂದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳ ಮೇಲೆ, ಆಮೇಲೆ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್100 ಮೇಲೆ ಕೈ ಪಳಗಿಸಿಕೊಂಡವರು ಇಂದಿಗೂ ಸದ್ದು ಕೇಳಿಯೇ ಮಿಶ್ರಣದ ಪಾಡು ಹೇಳುತ್ತಾರೆ. ಅವರ ಕೈಕೆಳಗೆ ಕೆಲಸ ಮಾಡುವ ಹುಡುಗರು ಈಗ ಹೆಚ್ಚಾಗಿ ನೋಡುವುದು ಇಂಜೆಕ್ಷನ್ ಬೈಕುಗಳನ್ನು. ಕಾರ್ಬ್ಯುರೇಟರ್ ಬಂದರೆ ಬಿಚ್ಚುವುದಕ್ಕಿಂತ ಹೊಸದು ಹಾಕುವುದೇ ಸುಲಭ ಎನ್ನಿಸುವುದು ಸಹಜ. ಐಟಿಐಗಳ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗಗಳು ಇಂಥ ಹಳಬರನ್ನು ವರ್ಷಕ್ಕೆ ಕೆಲವು ದಿನ ಕರೆದು ತರಗತಿ ಮಾಡಿಸಿದರೆ ಖರ್ಚು ಅಲ್ಪ, ಲಾಭ ದೊಡ್ಡದು.

ಗಾಡಿಯಿರುವವರು ಮಾಡಬೇಕಾದ್ದೂ ಇದೆ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲು ಖಾಲಿ ಮಾಡಿ ಇಡಿ. ದುರಸ್ತಿಗೆ ಒಯ್ದಾಗ ಒಂದು ದಿನ ಗಾಡಿ ಬಿಟ್ಟು ಬನ್ನಿ. ಮರಳಿ ತರುವಾಗ ಬಿಲ್ಲಿನಲ್ಲಿ ಬಿಡಿಭಾಗದ ಹೆಸರೇ ಇಲ್ಲದೆ ಬರೀ ಕೂಲಿ ಬರೆದಿದ್ದರೆ, ಚೌಕಾಸಿ ಮಾಡದೆ ಕೊಡಿ.